ಕೆಂಪು ದೀಪ ಕಾರಿನ ಜೊತೆ ಮಾತಾಡಿದರೆ



ಕಾರು ಟ್ರಾಫಿಕ್ ಸಿಗ್ನಲ್ ಜೊತೆ ಮಾತಾಡುತ್ತೆ ಅಂದ್ರೆ ನಂಬ್ತೀರಾ? ನಂಬಲೇಬೇಕು. 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಆಡಿ ಕಂಪನಿ ಇದನ್ನು ಶುರು ಮಾಡಿತು. ಕೆಂಪು ದೀಪದ ಮುಂದೆ ನಿಂತರೆ ಸ್ಟೇರಿಂಗ್ ಹಿಂದಿನ ಪರದೆಯಲ್ಲಿ ಅಂಕಿ ಇಳಿಯುತ್ತಾ ಹೋಗುತ್ತೆ. ಇಪ್ಪತ್ತೆರಡು, ಇಪ್ಪತ್ತೊಂದು, ಇಪ್ಪತ್ತು... ಹಸಿರು ಬರೋದಕ್ಕೆ ಇಷ್ಟು ಸೆಕೆಂಡ್ ಬಾಕಿ ಅಂತ. 2019ರಲ್ಲಿ ಅದೇ ಕಂಪನಿ ತನ್ನ ತವರು, ಜರ್ಮನಿಯ ಇಂಗೋಲ್‌ಸ್ಟಾಟ್‌ಗೂ ಇದನ್ನು ತಂದಿತು.

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ಕೂತು ನನ್ನ ಕಾರ್ಯಕ್ರಮ ನೋಡ್ತಿರೋರು ಕೇಳಬಹುದು: ಸ್ವಾಮಿ, ನಮ್ಮ ರಸ್ತೆಯಲ್ಲಿ ಅಡ್ಡ ಬರೋದು ದನ, ಟ್ರ್ಯಾಕ್ಟರ್ರು, ತೆಂಗಿನಕಾಯಿ ಲಾರಿ. ಆಡಿ ಕಾರಿನ ಕತೆ ಕಟ್ಕೊಂಡು ನಮಗೇನಾಗಬೇಕು? ನ್ಯಾಯವಾದ ಪ್ರಶ್ನೆ. ಉತ್ತರ ಇದೆ, ಸ್ವಲ್ಪ ತಾಳಿ. ಮೊದಲು ಈ ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ನೋಡಿಬಿಡೋಣ. ಇಂಜಿನಿಯರಿಂಗ್ ಓದಿ ಮೈಕ್ ಹಿಡಿದವನು ನಾನು, ಇಂಥ ವಿಷಯ ಸಿಕ್ಕಾಗ ಬಾಯಿ ಸುಮ್ಮನಿರಲ್ಲ.

ಮಾತು ಅಂತ ನಾವು ಕರೀತೀವಿ, ಆದರೆ ಆಡಿ ಕಾರು ಕಂಬದ ಜೊತೆ ನೇರವಾಗಿ ಮಾತಾಡಲ್ಲ. ಸಿಗ್ನಲ್‌ನ ಮಾಹಿತಿ ನಗರದ ನಿಯಂತ್ರಣ ಕೇಂದ್ರಕ್ಕೆ ಹೋಗುತ್ತೆ, ಅಲ್ಲಿಂದ ಒಂದು ಸರ್ವರ್‌ಗೆ, ಸರ್ವರ್‌ನಿಂದ ಮೊಬೈಲ್ ನೆಟ್‌ವರ್ಕ್ ಮೂಲಕ ಕಾರಿಗೆ. ಇನ್ನೊಂದು ದಾರಿಯೂ ಇದೆ. ಕಂಬದಲ್ಲೇ ರೇಡಿಯೋ ಕೂರಿಸಿ, ಯಾವ ದಿಕ್ಕಿಗೆ ಯಾವ ಬಣ್ಣ, ಇನ್ನೆಷ್ಟು ಹೊತ್ತು ಅನ್ನೋದನ್ನ ಸೆಕೆಂಡಿಗೆ ಹತ್ತು ಸಲ ಸುತ್ತಲಿನ ವಾಹನಗಳಿಗೆ ಸಾರೋದು. ಹಿಂದೆ ಊರಲ್ಲಿ ಡಂಗೂರ ಹೊಡೀತಿದ್ರಲ್ಲ, ಹಾಗೆ.

ಇದರಿಂದ ಲಾಭ ಏನು? ಲೆಕ್ಕ ಹಾಕಿ. ಸಿಗ್ನಲ್ 200 ಮೀಟರ್ ದೂರದಲ್ಲಿದೆ. ಹಸಿರಾಗೋಕೆ 20 ಸೆಕೆಂಡ್ ಬಾಕಿ. ನೀವು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋದ್ರೆ ಹದಿನಾಲ್ಕು ಸೆಕೆಂಡಿಗೆ ಅಲ್ಲಿರ್ತೀರಿ, ಬ್ರೇಕ್ ಹಾಕಿ ನಿಲ್ತೀರಿ, ಮತ್ತೆ ಮೊದಲ ಗೇರ್. ಅದೇ 36ಕ್ಕೆ ಇಳಿಸಿದ್ರೆ? ನೀವು ತಲುಪೋದಕ್ಕೂ ದೀಪ ಹಸಿರಾಗೋದಕ್ಕೂ ಸರಿಹೋಗುತ್ತೆ. ನಿಲ್ಲೋ ಹಾಗೇ ಇಲ್ಲ. ಪೆಟ್ರೋಲ್ ಉಳೀತು, ಹೊಗೆ ಕಡಿಮೆ ಆಯ್ತು. ಆದರೆ ಇಷ್ಟೆಲ್ಲ ನಡೆಯೋದು ನಿಮ್ಮ ಮುಂದೆ ರಸ್ತೆ ಖಾಲಿ ಇದ್ದರೆ ಮಾತ್ರ. ಸಿಲ್ಕ್ ಬೋರ್ಡ್‌ನಲ್ಲಿ 36ರ ವೇಗ ಸಿಕ್ಕಿದವರು ಇದ್ರೆ ದಯವಿಟ್ಟು ನಮಗೆ ಫೋನ್ ಮಾಡಿ!

ಆಡಿಯವರು ಮಾಡಿದ ಒಂದು ಜಾಣತನ ನನಗೆ ಹಿಡಿಸಿತು. ಹಸಿರು ಬರೋಕೆ ಕೆಲವೇ ಸೆಕೆಂಡ್ ಇದೆ ಅನ್ನುವಾಗ ಅಂಕಿ ಪರದೆಯಿಂದ ಮಾಯವಾಗುತ್ತೆ. ಯಾಕೆ? ಚಾಲಕ ಪರದೆ ಬಿಟ್ಟು ರಸ್ತೆ ನೋಡಲಿ ಅಂತ. ನಮ್ಮಲ್ಲಿ ಕಂಬದ ಮೇಲೆ ಮೂರು ಅಂತ ಕಂಡ ಕೂಡಲೇ ಹಿಂದಿನವರ ಹಾರ್ನ್ ಶುರು, ಎರಡಕ್ಕೆ ಬೈಕು ಜಿಗಿದಾಯ್ತು, ಒಂದಕ್ಕೆ ಅರ್ಧ ಸರ್ಕಲ್ ದಾಟಿಯಾಯ್ತು. ಕೊನೇ ಘಳಿಗೆಯಲ್ಲಿ ಓಡಿ ರಸ್ತೆ ದಾಟ್ತಿರೋ ಅಜ್ಜಿಯ ಗತಿ ಏನು?

ಈಗ ಬೆಂಗಳೂರಿಗೆ ಬನ್ನಿ. ಇಲ್ಲಿ ಹೊಸ ಸಿಗ್ನಲ್‌ಗಳು ಬಂದಿವೆ. ಸಿ-ಡ್ಯಾಕ್ ರೂಪಿಸಿದ ತಂತ್ರಾಂಶ, ಕ್ಯಾಮೆರಾ ನೋಡಿ ಯಾವ ಕಡೆ ವಾಹನ ಜಾಸ್ತಿಯೋ ಆ ಕಡೆಗೆ ಹಸಿರು ಹೆಚ್ಚು ಕೊಡುತ್ತೆ. ಒಳ್ಳೇದೇ. ಆದರೆ ಇಲ್ಲೊಂದು ತಮಾಷೆ ಇದೆ. ದೀಪ ತಾನೇ ಯೋಚನೆ ಮಾಡಿ ಸಮಯ ಬದಲಿಸುತ್ತೆ ಅಂದಮೇಲೆ, ಇನ್ನು ನಲವತ್ತೇ ಸೆಕೆಂಡ್ ಅಂತ ಮುಂಚೆಯೇ ಮಾತು ಕೊಡೋದು ಹೇಗೆ? ಸಿಗ್ನಲ್ ಬುದ್ಧಿವಂತ ಆದಷ್ಟೂ ಅದರ ಮನಸ್ಸು ಓದೋದು ಕಷ್ಟ. ಆಗ ಅಂಕಿ ಅನ್ನೋದು ಬರೀ ಎಣಿಕೆ ಅಲ್ಲ, ಒಂದು ಅಂದಾಜು. ಅಷ್ಟಾದರೂ 2025ರಲ್ಲಿ ಮ್ಯಾಪಲ್ಸ್ ಆ್ಯಪ್ ಬೆಂಗಳೂರಿನ 160ಕ್ಕೂ ಹೆಚ್ಚು ಸಿಗ್ನಲ್‌ಗಳ ಕ್ಷಣಗಣನೆಯನ್ನು ಮೊಬೈಲ್‌ನಲ್ಲೇ ತೋರಿಸೋಕೆ ಶುರು ಮಾಡಿತು. ಆಡಿ ಬೇಡ, ಹಳೇ ಮಾರುತಿ 800 ಸಾಕು. ಇದು ನಿಜವಾದ ಸುದ್ದಿ.

ದಂಡಿಗನಹಳ್ಳಿಯವರ ಪ್ರಶ್ನೆಗೆ ಈಗ ಬರ್ತೀನಿ. ಎದೆನೋವು ಅಂತ, ತಲೆಗೆ ಪೆಟ್ಟು ಅಂತ ಹಾಸನ ಜಿಲ್ಲೆಯಿಂದ ಆಂಬುಲೆನ್ಸ್ ಹೊರಟು ಎಲ್ಲಿಗೆ ಹೋಗುತ್ತೆ? ಜಯದೇವಕ್ಕೆ, ನಿಮ್ಹಾನ್ಸ್‌ಗೆ. ಚನ್ನರಾಯಪಟ್ಟಣದಿಂದ ನೆಲಮಂಗಲದವರೆಗೆ ನಾಲ್ಕು ಪಥದ ರಸ್ತೆ, ಗಾಡಿ ಹಾರುತ್ತೆ. ಆಮೇಲೆ ಗೊರಗುಂಟೆಪಾಳ್ಯ. ಅಲ್ಲಿ ಸೈರನ್ ಕೂಗ್ತಾ ಇರುತ್ತೆ, ಗಾಡಿ ನಿಂತಿರುತ್ತೆ. ಒಳಗೆ ಮಲಗಿರೋರು ಯಾರದೋ ತಂದೆ, ಯಾರದೋ ಮಗು.

2020ರ ಫೆಬ್ರವರಿ 6 ನೆನಪಿದೆಯಾ? ನಲವತ್ತು ದಿನದ ಹಸುಗೂಸಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ, ಹಾಸನ, ಚನ್ನರಾಯಪಟ್ಟಣ ದಾಟಿ ಆಂಬುಲೆನ್ಸ್ ನಾಲ್ಕೂವರೆ ಗಂಟೆಯೊಳಗೆ ಜಯದೇವ ತಲುಪಿತು. ಹೇಗೆ? ಪೊಲೀಸರು ದಾರಿ ಬಿಡಿಸಿದರು. ಊರೂರಲ್ಲಿ ಹುಡುಗರು ರಸ್ತೆಗಿಳಿದು ಕೈ ಅಡ್ಡ ಹಿಡಿದು ವಾಹನ ನಿಲ್ಲಿಸಿದರು. ಮುಂದೇನು ಬರ್ತಿದೆ ಅಂತ ರಸ್ತೆಗೆ ಮೊದಲೇ ಗೊತ್ತಿತ್ತು, ಅಷ್ಟೇ. ಆಡಿಯ ತಂತ್ರಜ್ಞಾನದಲ್ಲಿ ಸಿಗ್ನಲ್ ಕಾರಿಗೆ ಹೇಳುತ್ತೆ. ಅವತ್ತು ಗಾಡಿ ಬರೋದನ್ನ ಸಿಗ್ನಲ್‌ಗೇ ಹೇಳಿದ್ರು. ಮಾತಿನ ದಿಕ್ಕು ಉಲ್ಟಾ. ನಮಗೆ ಬೇಕಾಗಿರೋದು ಆ ಉಲ್ಟಾ ಮಾತು.

ಬೆಂಗಳೂರು ಸಂಚಾರ ಪೊಲೀಸರು ಆಂಬುಲೆನ್ಸ್ ಚಾಲಕರಿಗಾಗಿ ಇ-ಪಥ ಅನ್ನೋ ಆ್ಯಪ್ ತಂದಿದ್ದಾರೆ. ಶಹಬ್ಬಾಸ್. ಆದರೆ ಇದು ಬೆಂಗಳೂರಿನ ಆಂಬುಲೆನ್ಸ್‌ಗೆ ಮಾತ್ರ ಅಂತಾಗಬಾರದು. ನೆಲಮಂಗಲದಿಂದ ಗೊರಗುಂಟೆಪಾಳ್ಯಕ್ಕೆ ಇಪ್ಪತ್ತು ಕಿಲೋಮೀಟರ್ ಹತ್ತಿರ, ಅಂದ್ರೆ ಇಪ್ಪತ್ತು ನಿಮಿಷ. ಸಿಗ್ನಲ್‌ನ ಒಂದು ಸುತ್ತು ಮೂರು ನಿಮಿಷ ಅಂತ ಇಟ್ಕೊಂಡ್ರೂ ಆರು ಸುತ್ತು ಸಿಗುತ್ತೆ. ಎದುರಿನ ಸಾಲನ್ನ ಕರಗಿಸಿ ಒಂದು ಪಥ ಖಾಲಿ ಮಾಡೋಕೆ ಆರು ಸುತ್ತು ಧಾರಾಳ ಆಯ್ತು. ಹಾಸನದ 108 ಗಾಡಿ ನೆಲಮಂಗಲ ಮುಟ್ಟಿದ ಕ್ಷಣ ಗೊರಗುಂಟೆಪಾಳ್ಯದ ಕಂಬಕ್ಕೆ ಗೊತ್ತಾಗುತ್ತಾ? ಗೃಹ ಸಚಿವರಿಗೂ ಆರೋಗ್ಯ ಸಚಿವರಿಗೂ ಇವತ್ತಿನ ನನ್ನ ಪ್ರಶ್ನೆ ಇದೊಂದೇ.