ಓಡುವ ನಾಯಿಗೆ ಬಯಲು ಬೇಕು

ಕೌಜಲಗಿ ಸುತ್ತಿನ ಹೊಲಗಳಲ್ಲಿ ಕುರಿ ತರುಬಿದ ಕಡೆ ರಾತ್ರಿ ಹಾದು ಹೋಗಿದ್ದೀರಾ? ಕುರಿಗಾರ ಕಂಬಳಿ ಹೊದ್ದು ಮಲಗಿರುತ್ತಾನೆ. ನಾಯಿ ಎಚ್ಚರವಿರುತ್ತದೆ. ಅದಕ್ಕೆ ಸರಪಳಿ ಇಲ್ಲ. ಆದರೂ ಎಲ್ಲಿಗೂ ಹೋಗುವುದಿಲ್ಲ.

ಆ ನಾಯಿಗೆ ಬಯಲಿದೆ, ಎಲ್ಲ ನಾಯಿಗೂ ಆ ಭಾಗ್ಯವಿಲ್ಲ. ಗೋಕಾಕದ ಘಟಪ್ರಭೆ ಮುಂದೆ ಮುಧೋಳ ಸೀಮೆಗೆ ಹರಿಯುತ್ತದೆ. ಅಲ್ಲಿನ ತೆಳ್ಳನೆಯ ಬೇಟೆನಾಯಿ ನಿಮಗೆ ಗೊತ್ತೇ ಇದೆ. ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಅದು ಅಂಚೆಚೀಟಿಯ ಮೇಲೂ ಬಂತು. ಹೆಸರಿನ ಹಿಂದೆ ಬೇಡಿಕೆ ಬಂತು. ಈಗ ಮರಿಯನ್ನು ಒಯ್ದು ಪಟ್ಟಣದ ಸಣ್ಣ ಮನೆಯಲ್ಲಿ ಕಟ್ಟಿಹಾಕುವವರೂ ಇದ್ದಾರೆ. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಿ ಓಡುವುದು ಅದರ ಹುಟ್ಟುಗುಣ. ಓಟ ತಪ್ಪಿದ ನಾಯಿ ಬಾಗಿಲು ಕೆರೆಯುತ್ತದೆ, ಚಪ್ಪಲಿ ಕಡಿಯುತ್ತದೆ. ಆಗ ನಾಯಿ ಕೆಟ್ಟಿತು ಅನ್ನುತ್ತೇವೆ. ಕೆಲವರು ಬೀದಿಗೂ ಬಿಟ್ಟುಬಿಡುತ್ತಾರೆ. ಬೆಲೆ ಕೇಳಿದ್ದರು, ಗುಣ ಕೇಳಿರಲಿಲ್ಲ.

ಬೀದಿಗೆ ಬಿದ್ದ ನಾಯಿಯನ್ನು ಮನೆಗೆ ತಂದವರ ಅನುಭವವೇ ಬೇರೆ. ಅದು ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಕರೆದರೆ ಬಾರದು. ರೊಟ್ಟಿ ಇಟ್ಟು ನಾವು ದೂರ ಸರಿದರೆ ಮಾತ್ರ ತಿನ್ನುತ್ತದೆ. ಎತ್ತಿದ ಕೈ ಹೊಡೆಯಲಿಕ್ಕೋ ಸವರಲಿಕ್ಕೋ, ಅದಕ್ಕೆ ತಿಳಿಯದು. ಮನೆಯವರು ಮೆಲ್ಲಗೆ ಮಾತಾಡುವುದನ್ನು ರೂಢಿಸಿಕೊಳ್ಳುತ್ತಾರೆ. ಹತ್ತಿರ ಹೋಗದೆ ಸುಮ್ಮನೆ ಕೂರುವುದೂ ಪ್ರೀತಿಯೇ ಎಂದು ಆಗ ಗೊತ್ತಾಗುತ್ತದೆ. ರೇಬಿಸ್ ಲಸಿಕೆ ಮಾತ್ರ ತಡಮಾಡಬಾರದು, ಅಲ್ಲಿ ಮಮತೆ ಸಾಲದು.

ಮುಧೋಳ ತಳಿಯ ಮರಿ ತರುವ ಯೋಚನೆ ಇದ್ದವರಿಗೆ ಒಂದು ಮಾತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿ ಹೋಗಿ, ದಿನಕ್ಕೆ ಎಷ್ಟು ಓಡಿಸಬೇಕು ಎಂದು ಮೊದಲು ಕೇಳಿ. ಬೆಲೆ ಆಮೇಲೆ ಕೇಳಿದರಾಯಿತು.