ಹೆಸರು ಹುಡುಕುವ ಪುಟಗಳು

(ಚೆನ್ನೈ ಕನ್ನಡ ಕೆಲಸಗಾರರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ನೆನಪಿನ ಪುಸ್ತಕ ಅಚ್ಚಿಗೆ ಹೋಗುವುದು ಎರಡು ತಿಂಗಳು ತಡವಾಯಿತು. ಚಂದಾ ಕೊಟ್ಟವರು ಕೇಳುತ್ತಿದ್ದಾರೆ, ಕೇಳತಕ್ಕದ್ದೇ. ಹಿರಿಯರ ಮಾತುಗಳೆಲ್ಲ ಬರೆದಾಗಿ, ಚಿತ್ರಗಳೂ ಸೇರಿ, ಇನ್ನೂರು ಪುಟ ಸಿದ್ಧವಾಗಿದ್ದರೂ ಕೊನೆಯ ಆರು ಪುಟಕ್ಕಾಗಿ ಕಾದು ಕುಳಿತೆವು. ಆ ಆರು ಪುಟ ಪದಸೂಚಿಯದು. ಅಂದರೆ ಪುಸ್ತಕದೊಳಗೆ ಬಂದಿರತಕ್ಕ ಹೆಸರು, ಊರು, ಸಂಗತಿಗಳನ್ನು ಅಕಾರಾದಿಯಾಗಿ ಜೋಡಿಸಿ, ಯಾವುದು ಯಾವ ಪುಟದಲ್ಲಿದೆ ಎಂದು ತೋರಿಸುವ ಪಟ್ಟಿ. "ಅದೆಲ್ಲ ಪಂಡಿತರ ಪುಸ್ತಕಕ್ಕೆ ಸರಿ, ನಮಗೇತಕ್ಕೆ?" ಎಂದು ಸಮಿತಿಯಲ್ಲೇ ಮಾತು ಬಂತು. ಉತ್ತರ ಹೇಳುವ ಭಾರ ನಮ್ಮ ಮೇಲೆ ಬಿದ್ದಿದೆ. ನಾವು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಲೋಟ ತೊಳೆಯಲು ಈ ಊರಿಗೆ ಬಂದವರು, ತಪ್ಪಿದ್ದರೆ ತಿದ್ದಿರಿ.

ಹಿಂದೆ ತಂದ ಸ್ಮರಣ ಸಂಚಿಕೆಗೆ ಸೂಚಿ ಇರಲಿಲ್ಲ. ಅದು ಹೊರಬಂದ ಮೇಲೆ ಕುಂದಾಪುರದ ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಕೋಣೆಗೆ ಬಂದರು. ಅವರ ತಂದೆ ಮೈಲಾಪುರದ ಹೋಟೆಲೊಂದರಲ್ಲಿ ಮೂವತ್ತು ವರ್ಷ ಹಿಟ್ಟು ರುಬ್ಬಿದವರು, ಈಗಿಲ್ಲ. "ಅಪ್ಪಯ್ಯನ ಹೆಸ್ರು ಇದ್ರೊಳ್ಗೆ ಇತ್ತಂಬ್ರು, ಕಾಂಬುಕೆ ಬಂದೆ" ಎಂದರು. ನಾವೂ ಅವರೂ ಕುಳಿತು ಪುಟ ತಿರುವಿದೆವು. ಸಂಜೆಯಾಯಿತು. ಅವರಿಗೆ ಮಂಗಳೂರು ಮೇಲ್ ಹಿಡಿಯಬೇಕಿತ್ತು, ಎದ್ದುಹೋದರು. ಹೆಸರು ಸಿಕ್ಕಿದ್ದು ರಾತ್ರಿ ಹತ್ತು ಗಂಟೆಗೆ, ಯಾರೋ ಬೇರೆಯವರ ಲೇಖನದ ನಡುವೆ, ಒಂದೇ ಸಾಲಿನಲ್ಲಿ. ಅವರ ವಿಳಾಸವನ್ನು ನಾವು ಕೇಳಿಟ್ಟುಕೊಂಡಿರಲಿಲ್ಲ. ಆ ಪೆದ್ದತನ ನಮ್ಮದೇ.

ಆದ್ದರಿಂದ ಈ ಸಲ ಸೂಚಿ ಬೇಕೇ ಬೇಕೆಂದು ಹಟ ಹಿಡಿದೆವು.

ಮೊದಲು ನಮ್ಮ ಡಿಟಿಪಿ ಮಾಡುವ ತಮ್ಮನ ಹತ್ತಿರ ಹೋದೆವು. ಪುಸ್ತಕವನ್ನು ಪೇಜ್‌ಮೇಕರಿನಲ್ಲಿ, ಹಳೆಯ ನುಡಿ ಅಕ್ಷರದಲ್ಲಿ ಕಟ್ಟಿದ್ದರು. ಆ ಯಂತ್ರಕ್ಕೆ ಸೂಚಿ ಮಾಡುವ ವಿದ್ಯೆ ಗೊತ್ತು, ಮಾಡಿಯೂ ಕೊಟ್ಟಿತು. ನೋಡಿದರೆ ಯಕ್ಷಗಾನ, ಯಶವಂತಪುರ ಎಲ್ಲ ಮೊದಲು, ಆಮೇಲೆ ಅಡಿಗೆ, ಅಣ್ಣಾ ಸಾಲೈ! ಮಕಾರದವರೂ ವಕಾರದವರೂ ಮದುವೆ ಮನೆಯ ಚಪ್ಪಲಿಯ ಹಾಗೆ ಕಲಸಿಹೋಗಿದ್ದರು.

ಕಾರಣ ತಿಳಿಯಲು ನಮಗೆ ಒಂದು ವಾರ ಬೇಕಾಯಿತು. ಹಳೆಯ ನುಡಿಯಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮಾತ್ರ ಕನ್ನಡ. ಒಳಗೆ ಕಂಪ್ಯೂಟರು ಬರೆದಿಟ್ಟುಕೊಂಡಿರುವುದು ಇಂಗ್ಲಿಷಿನ ಅಕ್ಷರಗಳ ಗುರುತು. ಅಲ್ಲಿ ಅಕಾರ ಕೂತಿರುವುದು ಇಂಗ್ಲಿಷಿನ ಸಿ ಮನೆಯಲ್ಲಿ. ಯಕಾರವನ್ನು ತುಂಡು ತುಂಡಾಗಿ ಕೂಡಿಸುತ್ತಾರೆ, ಅದರ ಮೊದಲ ತುಂಡು ಎ ಮನೆಯಲ್ಲಿದೆ. ಯಂತ್ರ ಎ ಬಿ ಸಿ ಎಂದು ಓದಿಕೊಂಡು ಹೋಯಿತು. ಯಕಾರ ಅಕಾರಕ್ಕಿಂತ ಮೊದಲು ಬಂತು. ಮ, ವ ಎರಡೂ ಒಂದೇ ತುಂಡಿನಿಂದ ಆರಂಭವಾಗುವುದರಿಂದ ಕಲಸಿದವು. ಯಂತ್ರದ್ದು ತಪ್ಪಲ್ಲ. ಕನ್ನಡದ ಅಂಗಿ ತೊಡಿಸಿ ಇಂಗ್ಲಿಷು ಬರೆದಿಟ್ಟವರು ನಾವು.

ಇದಕ್ಕೆ ಮದ್ದು ಯೂನಿಕೋಡು. ಅದರಲ್ಲಿ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ. ಕನ್ನಡಕ್ಕೆ 1991ರಿಂದಲೇ ಅಲ್ಲಿ ಜಾಗ ಇದೆ. ಪುಸ್ತಕವನ್ನೆಲ್ಲ ಯೂನಿಕೋಡಿಗೆ ತಿರುಗಿಸಿ, ಇನ್‌ಡಿಸೈನಿನಲ್ಲಿ ಹೊಸದಾಗಿ ಕಟ್ಟಿಸಿದೆವು. ತಿರುಗಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಮುರಿದವು, ಒಂದೊಂದನ್ನೂ ಕೈಯಿಂದ ತಿದ್ದಿದ್ದಾಯಿತು. ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಎಂಬ ಜೋಡಣೆಯನ್ನು ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಮುಂದೆ ಈ ಕೆಲಸ ಮಾಡುವವರು ಇದನ್ನು ನೆನಪಿಡಿ. ಹಣವಿಲ್ಲದ ಸಂಘಗಳಿಗೆ ಲಿಬ್ರೆ ಆಫೀಸು ಇದೆ. ಅದು ಪುಕ್ಕಟೆ, ಅದರಲ್ಲಿಯೂ ಸೂಚಿಯ ಏರ್ಪಾಡು ಉಂಟು.

ಕೆಲಸ ನಡೆಯುವ ಬಗೆ ಹೀಗೆ. ಹೆಸರು ಬಂದ ಕಡೆ ಒಂದು ಗುರುತು ಹಾಕಬೇಕು. ಆ ಗುರುತು ಅಚ್ಚಿನಲ್ಲಿ ಕಾಣುವುದಿಲ್ಲ, ಆದರೆ ಮಾತಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ನಾಳೆ ಒಂದು ಚಿತ್ರ ಸೇರಿ ಆ ಮಾತು 40ನೇ ಪುಟದಿಂದ 41ಕ್ಕೆ ಜಾರಿದರೆ ಗುರುತೂ ಜೊತೆಗೆ ಜಾರುತ್ತದೆ. ಎಲ್ಲ ಮುಗಿದ ಮೇಲೆ ಸೂಚಿ ಹೊರಡಿಸು ಎಂದರೆ ಪುಟಸಂಖ್ಯೆಗಳನ್ನು ಯಂತ್ರವೇ ತುಂಬುತ್ತದೆ. ಹೊರಡಿಸಿದ ಮೇಲೆ ಮತ್ತೆ ಪುಟ ಕದಲಿಸಿದಿರೋ, ಮತ್ತೆ ಹೊರಡಿಸಲೇಬೇಕು, ತಾನಾಗಿ ತಿದ್ದಿಕೊಳ್ಳುವುದಿಲ್ಲ. ಇದನ್ನು ಮರೆತು ನಾವು ಒಂದು ಭಾನುವಾರ ಪೂರ್ತಿ ಹಾಳುಮಾಡಿದೆವು.

ಯೂನಿಕೋಡಿಗೆ ಬಂದರೂ ಒಂದು ತೊಡಕು ಉಳಿಯಿತು. ಶಾಲೆಯಲ್ಲಿ ನಮಗೆ ಕಲಿಸಿದ ವರ್ಣಮಾಲೆಯಲ್ಲಿ ಳಕಾರ ಎಲ್ಲಕ್ಕಿಂತ ಕೊನೆಗೆ, ಹಕಾರದ ಆಚೆಗೆ. ಯೂನಿಕೋಡಿನ ಸಂಖ್ಯೆಯಲ್ಲಿ ಅದನ್ನು ಲಕಾರದ ಪಕ್ಕದಲ್ಲೇ ಕೂರಿಸಿದ್ದಾರೆ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಉಳ್ಳಾಲ ಮೊದಲು ಬಂದು ಉಸ್ಮಾನ್ ರಸ್ತೆ ಆಮೇಲೆ ಬರುತ್ತದೆ. ಇಂಥದಕ್ಕೆ ಇನ್‌ಡಿಸೈನಿನಲ್ಲಿ ಹೆಸರಿನ ಪಕ್ಕದಲ್ಲೇ ಇನ್ನೊಂದು ಖಾನೆ ಇದೆ: ಅಚ್ಚಾಗುವುದು ಈ ಹೆಸರು, ಜೋಡಿಸುವುದು ಆ ಅಕ್ಷರದಂತೆ ಎಂದು ಹೇಳಬಹುದು. ಅಕ್ಷರಕ್ರಮಕ್ಕಾಗಿ ಇಷ್ಟು ಜಗಳವೇ ಎಂದು ನಗಬೇಡಿ. ಈ ಊರಿಗೂ ಕನ್ನಡದ ಅಕಾರಾದಿಗೂ ಹಳೆಯ ನಂಟು. ರೀವ್ ಎಂಬ ಪಾದ್ರಿಯ ಕನ್ನಡ ನಿಘಂಟು 1832ರಲ್ಲಿ ಇಲ್ಲಿಯೇ ಅಚ್ಚಾಯಿತು. ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಬೆಳೆಸಿ ತಿದ್ದಿದ್ದನ್ನು ಮದರಾಸು ವಿಶ್ವವಿದ್ಯಾನಿಲಯದವರು 1968ರಿಂದ 1971ರ ತನಕ ನಾಲ್ಕು ಸಂಪುಟಗಳಲ್ಲಿ ತಂದರು.

ಇಷ್ಟೆಲ್ಲ ಯಂತ್ರದ ಮಾತಾಯಿತು. ನಿಜವಾದ ಜಗಳ ಹುಟ್ಟಿದ್ದು ಯಾವ ಹೆಸರಿಗೆ ಗುರುತು ಹಾಕಬೇಕು ಎಂಬಲ್ಲಿ.

ಮೊದಲ ಕರಡಿನಲ್ಲಿ ಧಣಿಗಳ ಹೆಸರೆಲ್ಲ ಬಂದಿತ್ತು. ಬರಲಿ, ಬೇಡವೆನ್ನಲಿಲ್ಲ. ಕಡಂದಲೆಯಿಂದ ಬಂದ ಕೃಷ್ಣ ರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು, 1962ರಲ್ಲಿ ಆರಂಭವಾದ ಡ್ರೈವ್ ಇನ್ ಹೋಟೆಲು 2008ರಲ್ಲಿ ಮುಚ್ಚಿದ್ದು, ಇವೆಲ್ಲ ಈ ಊರಿನ ಚರಿತ್ರೆಯೇ. ಅವರೂ ಅಡಿಗೆಮನೆಯ ಹುಡುಗನಾಗಿ ಆರಂಭಿಸಿದವರು. ಆದರೆ ಕೆಲಸಗಾರರದ್ದು? "ಕೆಲಸಗಾರರು, ಹೋಟೆಲು" ಎಂದು ಒಂದು ಸಾಲು, ಅದರ ಮುಂದೆ ನಲವತ್ತು ಪುಟಸಂಖ್ಯೆ! ಆ ಹೆಣ್ಣುಮಗಳು ಮತ್ತೆ ಬಂದರೆ ಆ ನಲವತ್ತರಲ್ಲಿ ಅಪ್ಪಯ್ಯನನ್ನು ಎಲ್ಲಿ ಹುಡುಕುವುದು? ಅದನ್ನು ಒಡೆದು, ಪುಸ್ತಕದಲ್ಲಿ ಹೆಸರು ಬಂದ ಪ್ರತಿಯೊಬ್ಬನಿಗೂ ಅವನದೇ ಸಾಲು ಕೊಟ್ಟೆವು. ಮೂವರು ಮಂಜುನಾಥರಿದ್ದರು, ಊರು, ಕೆಲಸ ಸೇರಿಸಿ ಬೇರೆ ಮಾಡಿದೆವು. ಹೆಸರೇ ತಿಳಿಯದವರೂ ಇದ್ದಾರೆ. ಹಿರಿಯರು "ಒಬ್ಬ ಕೋಟದ ಮಾಣಿ", "ಎಲೆ ತೆಗೆಯುವ ಅಮ್ಮ" ಎಂದಷ್ಟೇ ಹೇಳಿದ್ದರು. ಅವರನ್ನೂ ಹಾಗೆಯೇ ಸೇರಿಸಿದೆವು: ಮಾಣಿ, ಕೋಟದ, ಅಮ್ಮ, ಎಲೆ ತೆಗೆಯುವ. ಯಾರಾದರೂ ಗುರುತಿಸಿ ಹೆಸರು ಹೇಳಿದರೆ ಎರಡನೆಯ ಮುದ್ರಣದಲ್ಲಿ ತಿದ್ದಬಹುದು.

ಮಿಲ್ಲಿನ ಹಿರಿಯರದ್ದು ಇನ್ನೊಂದು ಪಂಚಾಯಿತಿ. ಪೆರಂಬೂರಿನ ಮಿಲ್ಲನ್ನು ಒಬ್ಬರು ಬಿನ್ನಿ ಎಂದರು, ಒಬ್ಬರು ಬಿ ಅಂಡ್ ಸಿ ಎಂದರು, ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಎಂದು ಪೂರ್ತಿ ಹೇಳಿದವರೂ ಉಂಟು. ಎಲ್ಲ ಒಂದೇ. ಒಂದು ಹೆಸರಿನಲ್ಲಿ ಪುಟಗಳನ್ನು ಕೊಟ್ಟು ಮಿಕ್ಕವಕ್ಕೆ "ನೋಡಿ" ಎಂದು ಹಾಕಿದೆವು. ಅಲ್ಲಿಯ ಕಾರ್ಮಿಕರಿಂದ 1918ರಲ್ಲಿ ಆರಂಭವಾದ ಮದರಾಸು ಲೇಬರ್ ಯೂನಿಯನ್ನಿಗೆ, ಅದರ ಅಧ್ಯಕ್ಷರಾಗಿದ್ದ ವಾಡಿಯಾ ಅವರಿಗೆ ಬೇರೆ ಬೇರೆ ಸಾಲು. ಆ ಮಿಲ್ಲು 1996ರಲ್ಲಿ ಮುಚ್ಚಿತು. ಮದರಾಸು ಚೆನ್ನೈ ಆದದ್ದೂ ಅದೇ ವರ್ಷ. ಹಿರಿಯರು ಮೌಂಟ್ ರೋಡು ಎನ್ನುತ್ತಾರೆ, ಮಕ್ಕಳು ಅಣ್ಣಾ ಸಾಲೈ ಎಂದು ಹುಡುಕುತ್ತಾರೆ. ಎರಡೂ ಬಾಗಿಲು ತೆರೆದಿರಬೇಕು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳುತ್ತೇವೆ. ಹೋಟೆಲು ಬೋರ್ಡುಗಳಿಂದ ಬ್ರಾಹ್ಮಣ ಎಂಬ ಶಬ್ದ ತೆಗೆಯಬೇಕೆಂದು 1957ರಲ್ಲಿ ಪೆರಿಯಾರರ ಕಡೆಯವರು ತಿರುವಲ್ಲಿಕ್ಕೇಣಿಯಲ್ಲಿ ಚಳವಳಿ ನಡೆಸಿದರು. ಅದರ ನೆನಪು ಪುಸ್ತಕದಲ್ಲಿದೆ. ಒಬ್ಬ ಹಿತೈಷಿಗಳು, "ಒಳಗೆ ಇದ್ದರೆ ಇರಲಿ, ಸೂಚಿಯಲ್ಲಿ ಯಾಕೆ?" ಎಂದರು. ಆ ಮಾತು ಕೇಳಿದಾಗ ನಮಗೆ ಸೂಚಿಯ ಬಲ ಏನೆಂದು ತಿಳಿಯಿತು. ಒಳಗೆ ಬರೆದು ಸೂಚಿಯಲ್ಲಿ ಬಿಟ್ಟರೆ ಹುಡುಕುವವನಿಗೆ ಅದು ಬರೆಯದ ಹಾಗೆಯೇ. ಸಮಿತಿಯಲ್ಲಿ ಕೈಯೆತ್ತಿಸಿದೆವು. ಒಂದು ಮತ ಹೆಚ್ಚಾಗಿ ಆ ಸಾಲು ಉಳಿಯಿತು.

ಪುಟದ ಅಂದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಅಂಕಣ ಮಾಡಿ ಅಕ್ಷರವನ್ನು ಒಂದು ಅಳತೆ ಚಿಕ್ಕದು ಮಾಡಿದೆವು. ಕಾಗದ ಉಳಿಸಲು ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಮೇಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಕನ್ನಡಕ್ಕೆ ಸಾಲಿನ ನಡುವೆ ಉಸಿರಾಡಲು ಜಾಗ ಬೇಕು. ಹೆಸರು ಉದ್ದವಾಗಿ ಮುಂದಿನ ಸಾಲಿಗೆ ಇಳಿದರೆ ಆ ಸಾಲು ಸ್ವಲ್ಪ ಒಳಗಿನಿಂದ ಆರಂಭವಾಗುತ್ತದೆ. ಇಲ್ಲದಿದ್ದರೆ ಅದನ್ನೇ ಬೇರೊಬ್ಬನ ಹೆಸರೆಂದು ತಿಳಿದುಬಿಡುತ್ತಾರೆ.

ಕರಡಿನ ಆರು ಹಾಳೆಗಳು ಹೊರಗಿನ ಮೇಜಿನ ಮೇಲಿವೆ, ಪೆನ್ಸಿಲೂ ಇದೆ. ಊಟಕ್ಕೆ ಕೂರುವ ಮುಂಚೆ ನಿಮ್ಮ ಹೆಸರು, ನಿಮ್ಮ ಜೊತೆಯವರ ಹೆಸರು ಹುಡುಕಿರಿ. ತಪ್ಪಿದ್ದರೆ ಸುತ್ತು ಹಾಕಿರಿ. ರಕಾರದ ಹಾಳೆಯಲ್ಲಿ "ರುಬ್ಬುವವರು, ಮೈಲಾಪುರದ" ಎಂಬ ಸಾಲು ಉಂಟು, ಅದರ ಮುಂದೆ ಒಂದು ಹೆಸರು. ಅವರ ಮಗಳು ಕುಂದಾಪುರದ ಕಡೆ ಎಲ್ಲಿರುವರೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ, ದಯವಿಟ್ಟು ನಮ್ಮನ್ನು ಕಂಡು ಹೋಗಿರಿ.