ಅರೆಕ್ಷಣದ ತೂಗಾಟ



ಪ್ರಾತಃಕಾಲದ ಎಂಟೂವರೆ ಗಂಟೆಯ ಹೊತ್ತಿಗೆ ಬೆಂಗಳೂರಿನ ವಿಜಯನಗರದ ಯಾವುದಾದರೊಂದು ಅಡ್ಡರಸ್ತೆಯ ಮನೆಯಿಂದ ಹೊರಬಿದ್ದು, ಗೇಟಿನ ಅಗುಳಿಯನ್ನಿಕ್ಕಿ, ಬಸ್‌ ಸ್ಟಾಪಿಗೆ ನಡೆಯಬೇಕೋ, ಮೆಟ್ರೋ ನಿಲ್ದಾಣದ ಮೆಟ್ಟಿಲೇರಬೇಕೋ, ಅಥವಾ ಸ್ಕೂಟರಿನ ಕೀಲಿಯನ್ನೇ ತಿರುವಬೇಕೋ ಎಂದು ಅರೆಕ್ಷಣ ನಿಲ್ಲುವ ಮನುಷ್ಯನನ್ನು ನೀವೆಲ್ಲರೂ ಕಂಡಿದ್ದೀರಿ; ನಿಮ್ಮಲ್ಲಿ ಹಲವರು ಆ ಮನುಷ್ಯನೇ ಆಗಿದ್ದೀರಿ. ಆ ಅರೆಕ್ಷಣದ ತೂಗಾಟವು ಗಣಿತಕ್ಕೆ ವಸ್ತುವಾಗಬಲ್ಲುದೆಂದು ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ಆ ನಗು ಅಡಗಿದ ಬಗೆಯನ್ನು ಈ ಸಂಜೆ ನಿಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ಅಮೆರಿಕದ ಸ್ಯಾನ್‌ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಣ ಊರುಗಳನ್ನು ಕೂಡಿಸುವ ಬಾರ್ಟ್‌ ಎಂಬ ರೈಲು 1972ರಲ್ಲಿ ಓಡತೊಡಗಿತು. ಕೆಲಸಕ್ಕೆ ಹೋಗಿಬರುವವರಲ್ಲಿ ನೂರಕ್ಕೆ 15 ಮಂದಿ ಈ ರೈಲನ್ನು ಹಿಡಿಯುವರೆಂಬುದು ಅಧಿಕೃತ ಅಂದಾಜು. ಒಂದೊಂದು ಬಡಾವಣೆಯನ್ನೂ ಒಂದೊಂದು ಜಡಪಿಂಡವೆಂದೆಣಿಸಿ, ಗ್ರಹಗಳು ಒಂದನ್ನೊಂದು ಸೆಳೆಯುವಂತೆ ಊರುಗಳೂ ಜನರನ್ನು ಸೆಳೆಯುವುವೆಂಬ ಭಾವನೆಯ ಮೇಲೆ ನಿಂತ ಲೆಕ್ಕವದು. ಬರ್ಕ್ಲಿಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಡೇನಿಯಲ್‌ ಮ್ಯಾಕ್‌ಫ್ಯಾಡನ್‌ ಮತ್ತು ಅವರ ಸಂಗಡಿಗರಾದರೋ ಪಿಂಡಗಳನ್ನು ಬಿಟ್ಟು ವ್ಯಕ್ತಿಗಳ ಬಳಿಗೆ ಹೋದರು. ರೈಲು ಬರುವ ಮೊದಲೇ ಒಬ್ಬೊಬ್ಬ ಪ್ರಯಾಣಿಕನ ನಡಿಗೆ ಎಷ್ಟು, ಕಾಯುವಿಕೆ ಎಷ್ಟು, ಕುಳಿತು ಸಾಗುವ ಹೊತ್ತೆಷ್ಟು, ತೆರುವ ಹಣವೆಷ್ಟು ಎಂಬುದನ್ನು ಅರಿತು, ಬಸ್ಸು ಕಾರುಗಳ ನಡುವೆ ಆತ ಮಾಡುತ್ತಿದ್ದ ಆಯ್ಕೆಯಿಂದ ಒಂದೊಂದು ಕ್ಲೇಶಕ್ಕೂ ಆತನ ತಕ್ಕಡಿಯಲ್ಲಿರುವ ತೂಕವನ್ನು ಕಂಡುಹಿಡಿದು, ಆ ತೂಕಗಳಿಂದಲೇ ಇನ್ನೂ ಬಾರದಿದ್ದ ರೈಲನ್ನು ತೂಗಿದರು. ಅವರ ಊಹೆ ನೂರಕ್ಕೆ 6.3, ನಿಜವಾಗಿ ಏರಿದವರು 6.2. ಅಷ್ಟು ಸಮೀಪಕ್ಕೆ ಬಂದುದರಲ್ಲಿ ಅದೃಷ್ಟದ ಪಾಲೂ ಇತ್ತೆಂದು, 2000ದ ನೊಬೆಲ್‌ ಪ್ರಶಸ್ತಿಯನ್ನು ಜೇಮ್ಸ್‌ ಹೆಕ್‌ಮನ್‌ರೊಡನೆ ಹಂಚಿಕೊಂಡ ಸಂದರ್ಭದ ಉಪನ್ಯಾಸದಲ್ಲಿ ಮ್ಯಾಕ್‌ಫ್ಯಾಡನ್‌ ತಾವೇ ಒಪ್ಪಿಕೊಂಡರು. ವಿದ್ವಾಂಸರಲ್ಲಿ ಇಂತಹ ಒಪ್ಪಿಗೆ ವಿರಳವಾದುದರಿಂದ ಅದನ್ನಿಲ್ಲಿ ಎತ್ತಿ ಹೇಳಿದೆನು.

ಇಂತಹ ಅಧ್ಯಯನಗಳು ನಾನಾ ನಗರಗಳಲ್ಲಿ ಮತ್ತೆ ಮತ್ತೆ ತೋರಿಸಿಕೊಟ್ಟ ಒಂದು ಸಂಗತಿಯಿದೆ: ಬಸ್ಸಿನೊಳಗೆ ಸಾಗುವ ಒಂದು ನಿಮಿಷಕ್ಕಿಂತ ಬಸ್ಸಿಗಾಗಿ ಕಾಯುವ ಒಂದು ನಿಮಿಷವು ಮನಸ್ಸಿಗೆ ಸುಮಾರು ಎರಡು ಪಟ್ಟು, ಕೆಲವೆಡೆ ಇನ್ನೂ ಹೆಚ್ಚು, ಭಾರವಾಗಿರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಮಳೆಯ ಸಂಜೆ ನಿಂತು ಬಲ್ಲವರಿಗೆ ಇದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಆದರೆ ಇದರ ಫಲವು ಸಣ್ಣದಲ್ಲ: ಬಸ್ಸಿನ ಓಟದಲ್ಲಿ ಎರಡು ನಿಮಿಷ ಉಳಿಸುವುದೂ ಕಾಯುವಿಕೆಯಲ್ಲಿ ಒಂದು ನಿಮಿಷ ಉಳಿಸುವುದೂ ಪ್ರಯಾಣಿಕನಿಗೆ ಸರಿಸುಮಾರು ಒಂದೇ ಎಂಬುದು ಅದರಿಂದಲೇ ಹೊರಡುತ್ತದೆ.

ಇನ್ನು ಈ ಶಾಸ್ತ್ರದ ಹೃದಯಭಾಗಕ್ಕೆ ಬರುವೆನು. ಒಂದೇ ಬೀದಿಯ, ಒಂದೇ ಸಂಬಳದ, ಒಂದೇ ಕಚೇರಿಯ ಇಬ್ಬರಲ್ಲಿ ಒಬ್ಬನು ಬಸ್ಸಿನಲ್ಲಿಯೂ ಮತ್ತೊಬ್ಬನು ಸ್ಕೂಟರಿನಲ್ಲಿಯೂ ಹೋಗುವುದೇಕೆ? ಮನೋವಿಜ್ಞಾನಿ ಥರ್‌ಸ್ಟನ್‌ 1927ರಲ್ಲಿಯೇ, ಎರಡು ವಸ್ತುಗಳನ್ನು ಹೋಲಿಸುವ ಮನಸ್ಸು ಗಳಿಗೆಗೊಂದು ಬಗೆಯಲ್ಲಿ ತೊನೆಯುತ್ತದೆಂದು ಹೇಳಿದ್ದನು. ಮ್ಯಾಕ್‌ಫ್ಯಾಡನ್‌ ಆ ತೊನೆದಾಟಕ್ಕೆ ಬೇರೊಂದು ಅರ್ಥ ಕೊಟ್ಟರು. ಪ್ರಯಾಣಿಕನಿಗೆ ತನಗೆ ಬೇಕಾದುದು ಚೆನ್ನಾಗಿಯೇ ಗೊತ್ತು. ಅವನ ಮಂಡಿನೋವು, ದಾರಿಯಲ್ಲಿ ಮಗುವನ್ನು ಶಾಲೆಗೆ ಬಿಡಬೇಕಾದ ಹೊಣೆ, ಇಸ್ತ್ರಿಯ ಅಂಗಿಯ ಮೇಲಿನ ಅಭಿಮಾನ, ಇವು ಗೊತ್ತಿಲ್ಲದಿರುವುದು ಅಳೆಯಲು ಬಂದವನಿಗೆ. ಆದಕಾರಣ ಯಾರು ಯಾವುದನ್ನು ಆರಿಸುವರೆಂದು ಎಣಿಸುವ ಅವರ ಸೂತ್ರದಲ್ಲಿ ಬರುವ ಸಂಭಾವ್ಯತೆಯು ಪ್ರಯಾಣಿಕನ ಚಾಂಚಲ್ಯದ ಅಳತೆಯಲ್ಲ, ಅಳೆಯುವವನ ಅಜ್ಞಾನದ ಅಳತೆ. ತನ್ನ ಅಜ್ಞಾನಕ್ಕೇ ಒಂದು ಚಿಹ್ನೆಯನ್ನಿತ್ತು, ಅದನ್ನು ಸಮೀಕರಣದೊಳಗೆ ಗೌರವದಿಂದ ಕೂರಿಸಿದ ಈ ನಡೆಯನ್ನು ಅರಿತ ದಿನವೇ ನನ್ನ ನಗು ಅಡಗಿದ್ದು.

ಲಾಜಿಟ್‌ ಎಂದು ಹೆಸರಾದ ಆ ಸೂತ್ರದ ವರ್ತನೆ ಹೀಗಿದೆ. ಎರಡು ವಾಹನಗಳ ಹಿತ, ಎಂದರೆ ಕ್ಲೇಶಗಳನ್ನೆಲ್ಲ ತೂಗಿದ ಮೇಲೆ ನಿಲ್ಲುವ ಅನುಕೂಲ, ಸಮಸಮವಾಗಿದ್ದರೆ ಜನ ಅರ್ಧರ್ಧವಾಗಿ ಹಂಚಿಹೋಗುತ್ತಾರೆ. ಒಂದರ ಹಿತ ಒಂದು ಏಕಮಾನದಷ್ಟು ಹೆಚ್ಚಿದರೆ ಅದರ ಪಾಲು ನೂರಕ್ಕೆ 50ರಿಂದ 73ಕ್ಕೆ ಜಿಗಿಯುತ್ತದೆ. ಆದರೆ ಮೂರು ಏಕಮಾನದಷ್ಟು ಮುಂದಿರುವ ವಾಹನಕ್ಕೆ ನಾಲ್ಕನೆಯದನ್ನು ಸೇರಿಸಿದರೆ 95 ಇದ್ದುದು 98 ಆದೀತು, ಅಷ್ಟೆ. ಮನಸ್ಸು ಗಟ್ಟಿಯಾದವರ ಮುಂದೆ ಸುರಿದ ಹಣ ಬಹುಪಾಲು ವ್ಯರ್ಥ. ಗೇಟಿನ ಬಳಿ ಅರೆಕ್ಷಣ ನಿಲ್ಲುವವನನ್ನು ಮಾತ್ರ ಒಂದು ಸಣ್ಣ ಸವಲತ್ತೂ ಅಲುಗಿಸಬಲ್ಲುದು.

ಸೂತ್ರಕ್ಕೆ ಒಂದು ಕುರುಡೂ ಉಂಟು. ಊರಿನಲ್ಲಿ ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಿರಲಾಗಿ, ಅದೇ ದಾರಿಯಲ್ಲಿ, ಅದೇ ದರಕ್ಕೆ, ಬಣ್ಣದ ಹೊರತು ಬೇರೇನೂ ವ್ಯತ್ಯಾಸವಿಲ್ಲದ ನೀಲಿ ಬಸ್ಸೊಂದನ್ನು ಬಿಟ್ಟೆವೆನ್ನಿ. ಮೂವರಲ್ಲೊಬ್ಬರಂತೆ ಜನ ಹಂಚಿಹೋಗುವರೆಂದು ಸೂತ್ರ ಹೇಳುತ್ತದೆ. ಬಣ್ಣವನ್ನು ಕಂಡು ಕಾರು ಬಿಡುವ ಪುಣ್ಯಾತ್ಮರು ಯಾರು? ಬಸ್ಸಿನವರೇ ಎರಡಾಗಿ ಒಡೆಯುತ್ತಾರೆ, ಕಾರಿನವರು ಕದಲುವುದಿಲ್ಲ. ಈ ದೋಷದ ಪರಿಹಾರಕ್ಕಾಗಿ ಒಂದನ್ನೊಂದು ಹೋಲುವ ವಾಹನಗಳನ್ನು ಮೊದಲು ಒಂದು ಗೂಡಿನೊಳಗಿಟ್ಟು, ಬಳಿಕ ಗೂಡುಗೂಡುಗಳ ನಡುವೆ ಆಯ್ಕೆಯನ್ನು ಲೆಕ್ಕಿಸುವ ಕ್ರಮ ಬಂದಿತು.

ನಮ್ಮ ಊರಿಗೆ ಬಂದರೆ, 2023ರ ಜೂನ್‌ 11ರಂದು ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ದರ ಸೊನ್ನೆಯಾಯಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಒಂದೇ ಮನೆಯ ಗಂಡನಿಗೂ ಹೆಂಡತಿಗೂ ಹೀಗೆ ಎರಡು ತಕ್ಕಡಿಗಳಾದುವು. ಇಷ್ಟನ್ನು ಸೂತ್ರವು ಸಲೀಸಾಗಿ ತೂಗೀತು. ಆದರೆ ಸೂತ್ರಕ್ಕೆ ಅಂಕಿಗಳನ್ನು ಒದಗಿಸುವ ಸಮೀಕ್ಷೆಯವನು ಕೇಳುವ ಪ್ರಶ್ನೆ, ನೀವು ಯಾವುದರಲ್ಲಿ ಹೋದಿರಿ ಎಂಬುದು. ಹೊರಡುವುದು ನಿಶ್ಚಯವಾದವರನ್ನು ಮಾತ್ರ ಅದು ಮುಟ್ಟುತ್ತದೆ. ದರ ಸೊನ್ನೆಯಾದ ಮೇಲೆ ಮೊತ್ತಮೊದಲು ಬಸ್ಸೇರಿ ದೂರದ ಬಡಾವಣೆಯ ಕೆಲಸಕ್ಕೆ ಹೊರಟ ಹೆಣ್ಣುಮಗಳು ಹಿಂದಿನ ವರ್ಷದ ಪಟ್ಟಿಯಲ್ಲಿ ಬಸ್ಸಿನ ಸಾಲಿನಲ್ಲಿಯೂ ಇರಲಿಲ್ಲ, ಸ್ಕೂಟರಿನ ಸಾಲಿನಲ್ಲಿಯೂ ಇರಲಿಲ್ಲ; ಆಕೆ ಮನೆಯಲ್ಲಿದ್ದಳು.